ಹೊತ್ತು ನೋಡಿ ಹೋಗಬೇಕಾದ ಹೋಟೆಲುಗಳು

(ಪ್ರವಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯರೇ,

ಬೇರೆ ಊರಿಗೆ ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: 'ಅಲ್ಲಿ ಒಳ್ಳೆಯ ಹೋಟೆಲು ಯಾವುದು?' ಹಲವು ವರ್ಷ ನಾನು ಹೆಸರು ಬರೆದುಕೊಟ್ಟು ಕಳಿಸುತ್ತಿದ್ದೆ. ಹೋಗಿ ಬಂದವರಲ್ಲಿ ಕೆಲವರು ಸಂತೋಷಪಡುತ್ತಿದ್ದರು, ಇನ್ನು ಕೆಲವರು ಸಂಕೋಚದಿಂದಲೇ 'ನೀವು ಹೇಳಿದಷ್ಟೇನೂ ಇರಲಿಲ್ಲ' ಎನ್ನುತ್ತಿದ್ದರು. ವಿಚಾರಿಸಿ ನೋಡಿದಾಗ, ಬೆಳಗಿನ ಆರೂವರೆಗೆ ಮೊದಲ ಇಡ್ಲಿ ಇಳಿಸುವ ಕಡೆಗೆ ಅವರು ಹನ್ನೊಂದಕ್ಕೆ ಹೋಗಿರುತ್ತಿದ್ದರು, ಮಧ್ಯಾಹ್ನದ ಊಟಕ್ಕೆ ಹೆಸರಾದ ಕಡೆ ರಾತ್ರಿ ಹೋಗಿ ಉತ್ತರ ಭಾರತದ ಪಲ್ಯ ತರಿಸಿಕೊಂಡಿರುತ್ತಿದ್ದರು, ಮೀನಿನ ಊಟಕ್ಕೆಂದು ಮೀನೇ ಬಾರದ ತಿಂಗಳಲ್ಲಿ ಕರಾವಳಿಗೆ ಇಳಿದಿರುತ್ತಿದ್ದರು. ಅಡುಗೆಯವರದು ತಪ್ಪಿರಲಿಲ್ಲ, ಹೋದವರದೂ ಇರಲಿಲ್ಲ. ಹೆಸರನ್ನಷ್ಟೇ ಹೇಳಿ ಹೊತ್ತು ಹೇಳದೆ ಕಳಿಸಿದ ನನ್ನದಿತ್ತು. ಆಮೇಲೆ ನಾನು ಹೋಟೆಲಿನ ಹೆಸರಿನ ಪಕ್ಕದಲ್ಲಿ ಗಂಟೆಯನ್ನೂ, ಬೇಕಾದ ಕಡೆ ವಾರವನ್ನೂ ತಿಂಗಳನ್ನೂ ಬರೆದುಕೊಡಲು ಆರಂಭಿಸಿದೆ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಇದನ್ನೇ: ನಮ್ಮ ನಾಡಿನ ಹೆಸರಾಂತ ಹೋಟೆಲು, ಖಾನಾವಳಿಗಳನ್ನು ಅವುಗಳ ಹೊತ್ತಿನಿಂದ ಗುರುತಿಸುವುದು ಹೇಗೆ ಎಂಬುದನ್ನು.

ಇದಕ್ಕೆ ಮದ್ದೂರು ವಡೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಬೆಂಗಳೂರು–ಮೈಸೂರು ರೈಲು ಮಾರ್ಗದ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಇದನ್ನು ಮೊದಲು ಕರಿದರೆಂದು ಹೇಳುತ್ತಾರೆ. ಒಂದು ದಿನ ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಿತಂತೆ; ಪಕೋಡವನ್ನು ಒಂದೊಂದಾಗಿ ಬಿಡುತ್ತ ಕೂರಲು ಸಮಯವಿಲ್ಲದ ಕಾರಣ, ಈರುಳ್ಳಿ ಕಲಸಿದ ಹಿಟ್ಟನ್ನೇ ಅಂಗೈಯಲ್ಲಿ ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕಥೆ ಹೇಳುವವರ ಬಾಯಲ್ಲಿ ವಿವರ ಒಂದಿಷ್ಟು ಬೆಳೆದಿರಬಹುದು, ಆದರೆ ವಡೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ರೈಲಿನವರಿಗಾಗಿ ಹುಟ್ಟಿದ ತಿಂಡಿ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕರಿಬೇವು, ಮೇಲೆ ಬಿಸಿ ಎಣ್ಣೆ ಹಾಕಿ ಕಲಸಿದ ಹಿಟ್ಟು ಅದು. ಈರುಳ್ಳಿ ಬಿಡುವ ನೀರೇ ಅದಕ್ಕೆ ಬಹುಪಾಲು ಸಾಕಾಗುತ್ತದೆ. ಚಟ್ನಿ ಬೇಡ, ತಟ್ಟೆ ಬೇಡ, ಕಾಗದದಲ್ಲಿ ಸುತ್ತಿಕೊಂಡು ಸೀಟಿಗೆ ಹೋಗಿ ಮುರಿದು ತಿನ್ನಬಹುದು, ಸಂಜೆಯವರೆಗೂ ಕೆಡುವುದಿಲ್ಲ. ರೈಲು ಅಲ್ಲಿ ನಿಲ್ಲುತ್ತಿದ್ದ ಕೆಲವೇ ನಿಮಿಷಗಳು ಆ ವಡೆಗೆ ಆಕಾರ ಕೊಟ್ಟವು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹಳೆಯ ಹೋಟೆಲುಗಳ ಬೋರ್ಡನ್ನು ಗಮನವಿಟ್ಟು ಓದಿದರೆ ಹೊತ್ತು ಅಲ್ಲಿಯೇ ಬರೆದಿರುತ್ತದೆ. 'ಟಿಫಿನ್ ರೂಮ್' ಎಂದಿದ್ದರೆ ಅದು ಬೆಳಗಿನ ಮತ್ತು ಸಂಜೆಯ ತಿಂಡಿಯ ಜಾಗ. 'ಲಂಚ್ ಹೋಂ' ಎಂಬುದು ಕರಾವಳಿಯವರ ಮಾತು, ಮಧ್ಯಾಹ್ನದ ಅನ್ನ ಸಾರಿನ ಜಾಗ. 'ಖಾನಾವಳಿ' ಎಂದರೆ ಎರಡು ಹೊತ್ತಿನ ಊಟ, ನಡುವೆ ಒಲೆ ಆರಿರುತ್ತದೆ. 'ಮಿಲಿಟರಿ ಹೋಟೆಲು' ಎಂದರೆ ಮಾಂಸದ ಊಟ, ಬೆಳಿಗ್ಗೆ ಮಸಾಲೆ ಅರೆದು ಮಧ್ಯಾಹ್ನಕ್ಕೆ ಮುಗಿಸುವ ಜಾಗ. ಈ ನಾಲ್ಕು ಹೆಸರುಗಳ ಅರ್ಥ ತಿಳಿದಿದ್ದರೆ ಅಪರಿಚಿತ ಊರಿನಲ್ಲಿಯೂ ಅರ್ಧ ದಾರಿ ಸವೆದಂತೆಯೇ.

ಬೆಂಗಳೂರಿಗೆ ಬರೋಣ. ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಆರಂಭಿಸಿದ ಹೋಟೆಲು. ಆಗ ಅದರ ಹೆಸರು ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಎಂದಿತ್ತು. ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದು, ಗಿರಾಕಿಗಳು ಅಡುಗೆಮನೆಯನ್ನು ನೋಡಿಕೊಂಡೇ ಒಳಗೆ ಹೋಗುವ ಏರ್ಪಾಡು ಮಾಡಿದರು. ಅಡುಗೆಮನೆಯನ್ನು ಮುಚ್ಚಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಧೈರ್ಯ ಎಂಬುದನ್ನು ಯೋಚಿಸಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದರಿಂದ ರವಾ ಇಡ್ಲಿ ಹುಟ್ಟಿತು ಎಂದು ಈ ಹೋಟೆಲಿನವರು ಹೇಳುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ಇಳಿಸಿ ನಿಗದಿ ಮಾಡಿದಾಗ, ಗುಣಮಟ್ಟ ಇಳಿಸಿ ಹೋಟೆಲು ನಡೆಸಲು ಒಪ್ಪದೆ ಬಾಗಿಲು ಹಾಕಿದರು. ಕೆಲಸಗಾರರನ್ನು ಉಳಿಸಿಕೊಳ್ಳಲು ಮಸಾಲೆ ಪುಡಿ ಮತ್ತು ತಿಂಡಿಯ ಸಿದ್ಧ ಮಿಶ್ರಣಗಳನ್ನು ಮಾರಿದರು. ಇಂದು ದೇಶ ವಿದೇಶಗಳ ಅಂಗಡಿಗಳಲ್ಲಿ ಕಾಣುವ ಆ ಪೊಟ್ಟಣಗಳ ಹಿಂದೆ ಇರುವುದು ಮುಚ್ಚಿದ ಹೋಟೆಲೊಂದರ ಕಷ್ಟಕಾಲ. ಲಾಲ್‌ಬಾಗ್ ರಸ್ತೆಯ ಈ ಹೋಟೆಲಿಗೆ ಪ್ರವಾಸಿಗರು ರಜಾದಿನದ ಒಂಬತ್ತು ಗಂಟೆಗೆ ಹೋಗಿ ಹೆಸರು ಬರೆಸಿ ಕಾಯುತ್ತಾರೆ. ನಾನು ಹೇಳುವುದು, ವಾರದ ನಡುವೆ, ಲಾಲ್‌ಬಾಗಿನಲ್ಲಿ ನಡೆದು ಬರುವ ಹಿರಿಯರು ಒಳಗೆ ಹೋಗುವ ಹೊತ್ತಿಗೆ ಅವರ ಹಿಂದೆಯೇ ಹೋಗಿ ಎಂದು.

ಬಸವನಗುಡಿಯ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಯಿತು. ಹೆಸರೇ ಹೇಳುವಂತೆ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು, 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಇಲ್ಲಿ ನೀವು ನೋಡಬೇಕಾದದ್ದು ತಟ್ಟೆಗೆ ಬರುವ ಮುಂಚಿನ ದೋಸೆಯನ್ನು. ಅಗಲವಾದ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಚುರ್ ಎಂದು ಆವಿ ಏಳುತ್ತದೆ; ತೆಂಗಿನ ಕಡ್ಡಿಯ ಪೊರಕೆಯಿಂದ ಒಮ್ಮೆ ಬಳಿದು, ಸಾಲಾಗಿ ಹಿಟ್ಟು ಹೊಯ್ದು, ಹಿಟ್ಟಿನ ಮೇಲೆ ಉದಾರವಾಗಿ ತುಪ್ಪ ಬಿಡುತ್ತಾರೆ. ತಳ ಕಂದು ಬಣ್ಣಕ್ಕೆ ತಿರುಗಿ ಗರಿಯಾಗುವಷ್ಟರಲ್ಲಿ ಒಳಮೈ ಇನ್ನೂ ಮೆದುವಾಗಿಯೇ ಇರುತ್ತದೆ, ಅದೇ ಆ ದೋಸೆಯ ಗುಟ್ಟು. ಪಂಚೆಯುಟ್ಟ ಮಾಣಿ ಒಂದೇ ತೋಳಿನ ಮೇಲೆ ಅಂಗೈಯಿಂದ ಭುಜದವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಜುಗಳ ನಡುವೆ ನಡೆದು ಬರುತ್ತಾರೆ, ಯಾರು ಮೊದಲು ಬಂದು ಕೂತವರು ಎಂಬ ಲೆಕ್ಕವನ್ನು ತಪ್ಪದೆ ಒಂದೊಂದು ತಟ್ಟೆಯನ್ನು ಇಳಿಸುತ್ತ ಹೋಗುತ್ತಾರೆ. ಚಟ್ನಿ ನೀರಾಗಿ, ಧಾರಾಳವಾಗಿ ಬರುತ್ತದೆ. ಸಾಂಬಾರು ಕೇಳುವವರು ಹೊಸಬರೆಂದು ಪಕ್ಕದ ಮೇಜಿನವರಿಗೆ ತಿಳಿಯುತ್ತದೆ. ಗೋಡೆಯ ತುಂಬ ನಮ್ಮ ಸಾಹಿತಿಗಳ, ಹಿರಿಯರ ರೇಖಾಚಿತ್ರಗಳಿವೆ, ಕಾಯುವ ಹೊತ್ತು ಅವುಗಳನ್ನು ನೋಡುತ್ತ ಕಳೆಯುತ್ತದೆ. ಶುಕ್ರವಾರ ಇಲ್ಲಿ ರಜೆ. ಒಂದೇ ದಿನಕ್ಕೆಂದು ಊರಿಗೆ ಬಂದವರು ಶುಕ್ರವಾರವೇ ಗಾಂಧಿ ಬಜಾರಿಗೆ ಹೋಗಿ ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದ್ದನ್ನು ನಾನು ಒಂದಲ್ಲ ಹತ್ತು ಸಲ ಕೇಳಿದ್ದೇನೆ.

ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮ್, ಅಂದರೆ ಸಿ.ಟಿ.ಆರ್., ಬೆಣ್ಣೆ ಮಸಾಲೆ ದೋಸೆಗೆ, ಅದೇ ಬಡಾವಣೆಯ ವೀಣಾ ಸ್ಟೋರ್ಸ್ ಮೆತ್ತನೆಯ ಇಡ್ಲಿಗೆ ಹೆಸರಾದವು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದಲೂ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಎಂಬ ಕಿರಿದಾದ ಪಟ್ಟಿಯನ್ನೇ ನೆಚ್ಚಿಕೊಂಡಿದೆ. ಸಾಂಬಾರು ಅಲ್ಲಿಯೂ ಇಲ್ಲ. ಚಟ್ನಿಯನ್ನು ಕೇಳಿದಷ್ಟು ಸಲ ಹಾಕುತ್ತಾರೆ, ಕಟ್ಟೆಯ ಮೇಲೆ, ಮರದ ನೆರಳಲ್ಲಿ ನಿಂತು ತಿನ್ನಬೇಕು. ಪಟ್ಟಿ ಕಿರಿದಾಗಿರುವ ಹೋಟೆಲನ್ನು ಪ್ರಯಾಣಿಕರು ನಂಬಬೇಕು ಎಂಬುದು ನನ್ನ ಅನುಭವ. ಐದು ತಿಂಡಿ ಮಾಡುವವರು ಐದನ್ನೂ ಅಂದಂದಿಗೆ ಮಾಡಿ ಮುಗಿಸಬೇಕಾಗುತ್ತದೆ. ನೂರು ಬಗೆ ಬರೆದವರು ತೊಂಬತ್ತನ್ನು ಎಲ್ಲಿಯಾದರೂ ಕೂಡಿಟ್ಟಿರಲೇಬೇಕು.

ನಿಂತು ತಿನ್ನುವ ಈ ಪದ್ಧತಿಗೆ ಒಂದು ಹೆಸರು, ಒಂದು ರೂಪ ಬಂದದ್ದು 1983ರಲ್ಲಿ, ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯನ್ನು ತೆರೆದಾಗ. ಚೀಟಿ ತೆಗೆದುಕೊಂಡು ಕಟ್ಟೆಯಲ್ಲಿ ಕೊಟ್ಟು, ಎದುರಿಗೇ ಬೇಯುತ್ತಿರುವ ತಿಂಡಿಯನ್ನು ಕೈಗೆ ಪಡೆದು, ಎದೆಯೆತ್ತರದ ಕಲ್ಲಿನ ಮೇಜಿನ ಮುಂದೆ ನಿಂತು ತಿಂದು, ತಟ್ಟೆಯನ್ನು ನಾವೇ ತೊಟ್ಟಿಗೆ ಹಾಕುವ ಏರ್ಪಾಡು. ಕೂರಿಸುವ ಜಾಗದ ಬಾಡಿಗೆ, ಬಡಿಸುವವರ ಸಂಬಳ ಎರಡೂ ಉಳಿಯುವುದರಿಂದ ಬೆಲೆ ಕಡಿಮೆ, ಗಿರಾಕಿಗಳು ಬೇಗ ಬೇಗ ಬದಲಾಗುವುದರಿಂದ ತಿಂಡಿ ಯಾವಾಗಲೂ ಬಿಸಿ. ಕೈಯಲ್ಲಿ ಚೀಲ ಹಿಡಿದು, ಬಸ್ಸಿಗೆ ಇಪ್ಪತ್ತು ನಿಮಿಷ ಇರುವ ಪ್ರಯಾಣಿಕನಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಬೇರೊಂದಿಲ್ಲ. ಇಬ್ಬರಿದ್ದರೆ 'ಬೈಟು ಕಾಫಿ' ಕೇಳಿ, ಒಂದನ್ನು ಎರಡು ಲೋಟಕ್ಕೆ ಹಾಕಿಕೊಡುತ್ತಾರೆ. ಅದರಲ್ಲಿ ಸಣ್ಣತನವೇನೂ ಇಲ್ಲ, ಊರಿನವರೆಲ್ಲ ಹಾಗೆಯೇ ಕುಡಿಯುವುದು.

ಮಿಲಿಟರಿ ಹೋಟೆಲುಗಳ ಬಗ್ಗೆ ಪ್ರವಾಸಿಗರಿಗೆ ತಿಳಿದಿರುವುದು ಕಡಿಮೆ, ಅದು ನನಗೆ ಬೇಸರದ ಸಂಗತಿ. ಬೆಂಗಳೂರನ್ನು ಇಡ್ಲಿ ದೋಸೆಯ ಊರೆಂದು ಮಾತ್ರ ಕಂಡು ಹೋಗುವವರು ಊರಿನ ಅರ್ಧವನ್ನೇ ಕಂಡಿರುತ್ತಾರೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನಂಥ ಕಡೆ ದೊನ್ನೆ ಬಿರಿಯಾನಿ ಸಿಗುತ್ತದೆ. ಒಣ ಎಲೆಯಿಂದ ಮಾಡಿದ ದೊನ್ನೆಗೆ ಬಿಸಿ ಅನ್ನ ಬಿದ್ದಾಗ ಎಲೆಯ ಪರಿಮಳವೂ ಸೇರಿಕೊಳ್ಳುತ್ತದೆ. ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದ ಮಸಾಲೆಯಿಂದ ಅನ್ನ ಹಸಿರು ತಿರುಗಿರುತ್ತದೆ, ಅಕ್ಕಿ ಉದ್ದನೆಯ ಬಾಸುಮತಿಯಲ್ಲ, ಸಣ್ಣ ಕಾಳಿನ ಜೀರಗೆ ಸಾಂಬಾ. ಇತರ ಮಿಲಿಟರಿ ಹೋಟೆಲುಗಳಲ್ಲಿ ರಾಗಿ ಮುದ್ದೆಯ ಜೊತೆ ಕಾಲು ಸೂಪು, ತಲೆಮಾಂಸ, ಕೈಮಾ ಉಂಡೆ. ಮುದ್ದೆಯನ್ನು ಮುರಿದು ಸಾರಿನಲ್ಲಿ ಹೊರಳಿಸಿ ಅಗಿಯದೆ ನುಂಗಬೇಕು ಎಂಬುದನ್ನು ಹೊಸಬರಿಗೆ ಎದುರು ಕೂತವರೇ ಪ್ರೀತಿಯಿಂದ ಹೇಳಿಕೊಡುತ್ತಾರೆ. ಹನ್ನೆರಡೂವರೆಯ ಒಳಗೆ ಹೋಗಿ. ಎರಡು ಗಂಟೆಯ ಮೇಲೆ 'ಇದಿಲ್ಲ, ಅದಿಲ್ಲ' ಎಂಬುದೇ ಹೆಚ್ಚು. ಹೊಸಕೋಟೆಯಲ್ಲಂತೂ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಬಿರಿಯಾನಿಯೇ ಎನ್ನುವವರು ಒಮ್ಮೆ ಹೋಗಿ ಸಾಲಿನಲ್ಲಿ ನಿಂತು ನೋಡಬೇಕು. ಮೈಸೂರಿನಲ್ಲಿ ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವೂ ಇದೇ ಜಾತಿಗೆ ಸೇರಿದ ಊಟ.

ಮೈಸೂರಿನ ಮಾತು ಬಂದಾಗ ನಜರ್‌ಬಾದಿನ ಮೈಲಾರಿ ದೋಸೆಯನ್ನು ಹೇಳದೆ ಬಿಡಲಾಗದು. ಇದು ಗರಿಗರಿ ದೋಸೆಯೇ ಅಲ್ಲ. ಹತ್ತಿಯಂತೆ ಮೆದು, ಒಳಗೆ ತೆಳ್ಳಗೆ ಸಾಗು, ಮೇಲೆ ಬೆಣ್ಣೆ. ವಿದ್ಯಾರ್ಥಿ ಭವನದ ದೋಸೆ ಮೇಲೋ ಮೈಲಾರಿಯದು ಮೇಲೋ ಎಂದು ನನ್ನನ್ನು ಕೇಳುವವರಿದ್ದಾರೆ. ಇವೆರಡೂ ಒಂದೇ ಹೆಸರಿನ ಬೇರೆ ಬೇರೆ ತಿಂಡಿಗಳು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ. ಮೂರನೆಯದು ದಾವಣಗೆರೆಯ ಬೆಣ್ಣೆ ದೋಸೆ. ಅದರ ಹಿಟ್ಟಿಗೆ ಮಂಡಕ್ಕಿಯೂ ಸೇರುತ್ತದೆ, ಮತ್ತು ಇದಕ್ಕೆ ಕಾರಣ ಆ ಊರಿನಲ್ಲಿಯೇ ಇದೆ: ದಾವಣಗೆರೆ ಮಂಡಕ್ಕಿ ಭಟ್ಟಿಗಳ ಊರು, ಭಟ್ಟಿಗಳಿಂದಾಗಿ ಒಂದು ಬಡಾವಣೆಗೇ ಆ ಹೆಸರು ಬಂದಿದೆ. ಹತ್ತಿ ಗಿರಣಿಗಳ ಕಾಲದಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕರು ಉಂಡು ಬೆಳೆಸಿದ ಊರು ಅದು. ಸೌದೆ ಒಲೆಯ ಮೇಲೆ ಬೆಂದ ದೋಸೆಯ ಜೊತೆ ಖಾರವಿಲ್ಲದ ಆಲೂಗಡ್ಡೆ ಪಲ್ಯ, ಬಿಳಿಯ ಕಾಯಿ ಚಟ್ನಿ, ತಟ್ಟೆಯಲ್ಲಿ ಹರಿಯುವ ಬೆಣ್ಣೆ. ಅದೇ ಹೆಸರಿನ ಬೋರ್ಡು ಇಂದು ಎಲ್ಲ ಊರಿನಲ್ಲಿಯೂ ಇದೆ, ಅನಿಲದ ಒಲೆಯ ಮೇಲೆ ಆ ರುಚಿ ಬರುವುದಿಲ್ಲ. ಸಂಜೆಯಾದರೆ ದೋಸೆ ಬಿಟ್ಟು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳ ಕಡೆ ನಡೆಯಬೇಕು.

ದಾವಣಗೆರೆ ದಾಟಿದ ಮೇಲೆ ಖಾನಾವಳಿಗಳ ಸೀಮೆ. ನನ್ನ ಮಟ್ಟಿಗೆ ಇಡೀ ನಾಡಿನಲ್ಲಿ ಪ್ರಯಾಣಿಕನಿಗೆ ದೊರೆಯುವ ಅತ್ಯಂತ ಮರ್ಯಾದೆಯ ಊಟ ಇದು. ಹುಬ್ಬಳ್ಳಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಎಲ್ಲಿ ಇಳಿದರೂ ಬಸ್ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿ ಬಸವೇಶ್ವರನ ಹೆಸರನ್ನೋ ಇನ್ಯಾವುದೋ ದೇವರ ಹೆಸರನ್ನೋ ಹೊತ್ತ ಖಾನಾವಳಿ ಇರುತ್ತದೆ, ಅದರಲ್ಲಿ ನಾಲ್ಕಾರು ಮೇಜುಗಳು, ಗೋಡೆಗೆ ಕ್ಯಾಲೆಂಡರು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಓದಿದ ವಿದ್ಯಾರ್ಥಿಗಳು, ವರ್ಗವಾಗಿ ಬಂದ ನೌಕರರು, ಕೋರ್ಟಿನ ಕೆಲಸಕ್ಕೆ ಹಳ್ಳಿಯಿಂದ ಬಂದವರು ತಿಂಗಳ ಲೆಕ್ಕದಲ್ಲೋ ಹೊತ್ತಿನ ಲೆಕ್ಕದಲ್ಲೋ ಇಲ್ಲಿ ಉಣ್ಣುತ್ತ ಬಂದಿದ್ದಾರೆ. ದಿನವೂ ಅವರೇ ಬರುವುದರಿಂದ ಅಡುಗೆ ದಿನವೂ ಬದಲಾಗಲೇಬೇಕು. ಪ್ರವಾಸಿಗನಿಗಾಗಿ ಮಾಡಿದ ಅಡುಗೆ ಇದಲ್ಲ ಎಂಬುದೇ ಅದರ ದೊಡ್ಡ ಗುಣ.

ಕೆಲವು ವರ್ಷಗಳ ಹಿಂದೆ, ಬಸ್ಸು ತಡವಾಗಿ, ಮಧ್ಯಾಹ್ನ ಮೂರೂವರೆಗೆ ನಾನೊಂದು ಖಾನಾವಳಿಗೆ ಹೋದೆ. ಬೆಂಚುಗಳನ್ನು ಮೇಜಿನ ಮೇಲೆ ಬೋರಲಾಗಿ ಏರಿಸಿ ನೆಲ ತೊಳೆಯುತ್ತಿದ್ದರು. ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ತಾಯಿ, 'ಅಣ್ಣಾರ, ರೊಟ್ಟಿ ಮುಗದಾವ್ರೀ' ಎಂದರು. ನಾನು ಹೊರಡಬೇಕೆನ್ನುವಷ್ಟರಲ್ಲಿ, 'ಹಿಟ್ಟು ಐತಿ, ಒಂದೀಟು ಕುಂಡರ್ರಿ, ಎರಡು ಬಡದು ಕೊಡ್ತೀನಿ' ಎಂದರು. ಅಡುಗೆಮನೆಯ ಬಾಗಿಲ ಬಳಿಯೇ ಕೂತು ನೋಡಿದೆ. ಜೋಳದ ಹಿಟ್ಟನ್ನು ಗುಡ್ಡೆ ಮಾಡಿ, ನಡುವೆ ಗುಳಿ ತೋಡಿ, ಕುದಿಯುವ ಎಸರು ಹೊಯ್ದು ಮೊದಲು ಸೌಟಿನಿಂದ, ಆಮೇಲೆ ಅಂಗೈಯ ಬುಡದಿಂದ ನಾದಿದರು. ಜೋಳಕ್ಕೆ ಗೋಧಿಯಂತೆ ಜಿಗಿ ಇಲ್ಲ, ಬಿಸಿನೀರು ಬಿದ್ದರಷ್ಟೇ ಅದು ಒಂದುಗೂಡುವುದು. ಉಂಡೆಯನ್ನು ಒಣ ಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ತಿರುಗಿಸುತ್ತ ಹೋದಂತೆ, ಅದು ಅಂಚು ಒಡೆಯದೆ ಚಂದ್ರನಷ್ಟು ದುಂಡಗೆ ಹಿಗ್ಗಿತು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲಿನ ಹಿಟ್ಟನ್ನು ಸವರಿ ಒರೆಸಿ, ಮಗುಚಿ, ಕೊನೆಗೆ ಉರಿಗೆ ಒಡ್ಡಿದಾಗ ಎರಡು ಪದರ ಬಿಟ್ಟು ಉಬ್ಬಿತು. ತಟ್ಟೆಗೆ ಬಂದದ್ದು ಆ ರೊಟ್ಟಿ, ಮಧ್ಯಾಹ್ನದಿಂದ ಉಳಿದಿದ್ದ ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಗಟ್ಟಿ ಮೊಸರು, ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ. ಎಣ್ಣೆಗಾಯಿ ಮುಗಿದುಹೋಗಿತ್ತು, ಅದಕ್ಕೆ ಆ ತಾಯಿ ಮೂರು ಸಲ ಬೇಜಾರು ಮಾಡಿಕೊಂಡರು.

ಒಂದು ಗಂಟೆಗೆ ಹೋಗಿದ್ದರೆ ನನ್ನ ತಟ್ಟೆಯಲ್ಲಿ ಏನೇನಿರುತ್ತಿತ್ತು ಎಂಬುದನ್ನೂ ಹೇಳಬೇಕು: ಮಸಾಲೆ ತುಂಬಿದ ಎಳೆ ಬದನೆಯ ಎಣ್ಣೆಗಾಯಿ, ಒಂದು ಸೊಪ್ಪಿನ ಪಲ್ಯ, ಒಂದು ಕಾಳು, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಹಸಿ ಮೆಂತ್ಯದ ತಪ್ಪಲು, ಮೂಲಂಗಿ, ಆಮೇಲೆ ಅನ್ನ, ಸಾರು. ಹಸಿ ತಪ್ಪಲನ್ನು ಅಲಂಕಾರಕ್ಕೆಂದು ಬದಿಗೆ ತಳ್ಳಬೇಡಿ, ಖಾರದ ಹಿಂಡಿಯ ಜೊತೆ ಅದನ್ನು ಕಚ್ಚಿಕೊಂಡೇ ಉಣ್ಣಬೇಕು. ಕಡಕ್ ರೊಟ್ಟಿ ಬೇಕಾದರೆ ಕೇಳಿ ಕಟ್ಟಿಸಿಕೊಳ್ಳಿ, ವಾರಗಟ್ಟಲೆ ಕೆಡದ ಅದು ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು.

ಇದೇ ಊರುಗಳಲ್ಲಿ ಸಾವಜಿ ಹೋಟೆಲುಗಳೂ ಇವೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್.ಎಸ್.ಕೆ.) ಸಮಾಜದವರ ಮನೆಯಡುಗೆಯಿಂದ ಬಂದ ಮಾಂಸದೂಟ ಅದು, ಕೆಂಪಗೆ ಎಣ್ಣೆ ತೇಲುವ ಸಾರು, ಖೀಮಾ ಉಂಡೆ. ಖಾರ ತಡೆಯದವರು ಮೊದಲೇ ಮೊಸರು ತರಿಸಿಟ್ಟುಕೊಳ್ಳುವುದು ಒಳ್ಳೆಯದು. ಸಂಜೆ ಐದರ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಗಿರಮಿಟ್ಟು ಮಿರ್ಚಿಯ ಹೊತ್ತು: ಹುಣಸೆ, ಈರುಳ್ಳಿಯ ಗೊಜ್ಜಿನಲ್ಲಿ ಚುರುಮುರಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ ಕೊಡುತ್ತಾರೆ. ಕಲಸಿದ ಐದು ನಿಮಿಷಕ್ಕೆ ಅದು ಮೆತ್ತಗಾಗುತ್ತದೆ. ಗಾಡಿಯ ಮುಂದೆಯೇ ನಿಂತು ತಿನ್ನಬೇಕು.

ಕರಾವಳಿಗೆ ಇಳಿದರೆ ಗಡಿಯಾರದ ಜೊತೆಗೆ ಕ್ಯಾಲೆಂಡರೂ ಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಮ್ಮ ಕರಾವಳಿಯಲ್ಲಿ ನಿಷೇಧವಿರುತ್ತದೆ, ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯಲಿ ಎಂಬ ಕಾರಣಕ್ಕೆ. ಆಗ ಸಿಗುವುದು ನಾಡದೋಣಿಯವರು ತಂದ ಅಲ್ಪಸ್ವಲ್ಪ, ಇಲ್ಲವೇ ಮಂಜುಗಡ್ಡೆಯಲ್ಲಿಟ್ಟು ಹೊರಗಿನಿಂದ ಬಂದದ್ದು, ಬೆಲೆಯೂ ಏರಿರುತ್ತದೆ. ಮೀನಿಗಾಗಿಯೇ ಮಂಗಳೂರಿಗೆ ಹೊರಟವರು ಚಳಿಗಾಲದಲ್ಲಿ ಬರಲಿ. ಬಂದರು ಪ್ರದೇಶದ ನಾರಾಯಣ ಹೋಟೆಲಿನಂಥ ಕಡೆ ಮಸಾಲೆ ಮೆತ್ತಿದ ಹಸಿ ಮೀನನ್ನೇ ತಟ್ಟೆಯಲ್ಲಿಟ್ಟು ಮೇಜಿಗೆ ತಂದು ತೋರಿಸುತ್ತಾರೆ, ನೀವು ಬೆರಳು ಮಾಡಿದ್ದನ್ನು ಕಾವಲಿಗೆ ಹಾಕುತ್ತಾರೆ: ಬಂಗುಡೆ, ಬೂತಾಯಿ, ಅಂಜಲ್, ಕಾಣೆ. ಅಂಜಲ್ ಕೇಳುವವರೇ ಹೆಚ್ಚು, ಮುಳ್ಳು ಕಡಿಮೆ ಎಂದು. ರುಚಿ ಬಲ್ಲವರು ಬೂತಾಯಿ, ಬಂಗುಡೆಯ ಕಡೆಗೇ ಕೈ ಚಾಚುತ್ತಾರೆ. ಜೊತೆಗೆ ಕುಚ್ಚಲಕ್ಕಿ ಅನ್ನ, ಮೀನಿನ ಗಸಿ. ಕುಂದಾಪುರದ ಶೆಟ್ಟಿ ಲಂಚ್ ಹೋಂ ಕೋಳಿಯ ಘೀ ರೋಸ್ಟಿನ ತವರು ಎಂದು ಹೆಸರಾಗಿದೆ. ಅದರ ಜೊತೆ ನೀರುದೋಸೆ ತೆಗೆದುಕೊಳ್ಳಬೇಕು, ಬೇರೇನೂ ಬೇಡ.

ಹಾಗೆಂದು ಮಳೆಗಾಲದಲ್ಲಿ ಕರಾವಳಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಕೆಸುವಿನ ಎಲೆ ಎಳೆಯದಾಗಿ ಚಿಗುರುವುದು ಆಗಲೇ, ಪತ್ರೊಡೆಯ ಕಾಲವೂ ಅದೇ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಕೇದಗೆ ಜಾತಿಯ ಮುಂಡಕದ ಎಲೆಯಲ್ಲಿ ಬೆಂದ ಮೂಡೆ, ಎಲೆಯ ಗಂಧವನ್ನು ಹೊತ್ತು ತರುತ್ತವೆ. ಉಡುಪಿಯ ರಥಬೀದಿಯ ಮಿತ್ರ ಸಮಾಜದಲ್ಲಿ ಹೊರಗೆ ಮಳೆ ಹೊಯ್ಯುತ್ತಿರುವಾಗ ಗೋಳಿಬಜೆ, ಬಾಳೆಹಣ್ಣು ಕಲಸಿ ಕರಿದ ಬನ್ಸು, ಒಂದು ಲೋಟ ಕಾಫಿ. ಕೃಷ್ಣನ ದರ್ಶನ ಮುಗಿಸಿ ಬಂದವರು, ಪೇಟೆಯ ಕೆಲಸಕ್ಕೆ ಬಂದವರು ಒಂದೇ ಮೇಜಿಗೆ ಕೂತಿರುತ್ತಾರೆ. ಊಟದ ಮೇಲೆ ಮಂಗಳೂರಿನ ಐಡಿಯಲ್ ಅಥವಾ ಉಡುಪಿಯ ಡಯಾನಾದ ಗಡ್‌ಬಡ್. ಎತ್ತರದ ಗಾಜಿನ ಲೋಟದಲ್ಲಿ ಐಸ್‌ಕ್ರೀಮು, ಹಣ್ಣು, ಜೆಲ್ಲಿಗಳ ಪದರಗಳು. ಅದನ್ನು ಮೊದಲು ಮಾಡಿದವರು ಯಾರೆಂಬ ವಿಚಾರದಲ್ಲಿ ಎರಡೂ ಊರಿನವರು ತಮ್ಮದೇ ಎನ್ನುತ್ತಾರೆ, ಪ್ರಯಾಣಿಕರು ಎರಡೂ ಕಡೆ ತಿನ್ನಲು ಇದು ಒಳ್ಳೆಯ ಕಾರಣ.

ಧರ್ಮಸ್ಥಳ, ಹೊರನಾಡುಗಳ ಅನ್ನದಾನವನ್ನು ಹೋಟೆಲುಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಆದರೆ ಮಲೆನಾಡಿನ ಆ ದಾರಿಗಳಲ್ಲಿ ಹೋಗುವವರು ಮಧ್ಯಾಹ್ನದ ಊಟವನ್ನು ಅಲ್ಲಿನ ಪಂಕ್ತಿಯ ಹೊತ್ತಿಗೆ ಹೊಂದಿಸಿಕೊಳ್ಳುವುದು ಜಾಣತನ.

ಕೊನೆಯದಾಗಿ, ಎಲ್ಲಿ ಆರಂಭಿಸಿದೆನೋ ಆ ದಾರಿಗೇ ಹಿಂದಿರುಗುತ್ತೇನೆ, ಏಕೆಂದರೆ ಅಲ್ಲಿ ಈಗ ನಡೆಯುತ್ತಿರುವುದು ನನ್ನ ಮನಸ್ಸನ್ನು ಬಹಳ ಕಾಡುತ್ತಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗೆ ಸರಿಸಿ, ಇಲ್ಲವೇ ಮೇಲ್ಸೇತುವೆಯಿಂದ ದಾಟಿಸಿ ವಾಹನಗಳು ಹೋಗುತ್ತಿವೆ. ಮೂರು ಗಂಟೆಯ ಪ್ರಯಾಣ ಒಂದೂವರೆಗೆ ಇಳಿಯಿತು ಎಂದು ನಾವೆಲ್ಲ ಸಂತೋಷಪಟ್ಟೆವು, ಆ ಸಂತೋಷ ಸುಳ್ಳಲ್ಲ. ಆದರೆ ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ, ಚನ್ನಪಟ್ಟಣದ ರಸ್ತೆ ಬದಿಯ ಬೊಂಬೆ ಅಂಗಡಿಯ ಪಕ್ಕದ ಚಹಾ ಇವೆಲ್ಲ ಬದುಕಿದ್ದುದು ಆ ಮೂರು ಗಂಟೆಯ ನಡುವಿನ ಹಸಿವಿನಿಂದ. ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟವರಿಗೆ ಏಳಕ್ಕೆ ಬಿಡದಿಯಲ್ಲಿ ತಿಂಡಿ, ಸಂಜೆ ಮೈಸೂರು ಬಿಟ್ಟವರಿಗೆ ಮದ್ದೂರಿನಲ್ಲಿ ಕಾಫಿ ಎಂಬುದು ಎರಡು ಮೂರು ತಲೆಮಾರಿನ ಲೆಕ್ಕವಾಗಿತ್ತು. ರೈಲು ಬೇಗ ಬಂದ ದಿನ ಒಬ್ಬರು ಹಿಟ್ಟನ್ನು ತಟ್ಟಿ ಹೊಸ ತಿಂಡಿ ಮಾಡಿದರು. ವಾಹನ ನಿಲ್ಲದೆಯೇ ಹೋದರೆ ಅಂಗಡಿಯವರು ಏನು ಮಾಡಿಯಾರು? ಹಳೆಯ ರಸ್ತೆಯಲ್ಲಿ ಬಾಗಿಲು ಹಾಕಿದ ಹೋಟೆಲುಗಳನ್ನು ನಾನು ನೋಡಿದ್ದೇನೆ, ಮೇಜು ಕುರ್ಚಿಗಳು ಒಳಗೇ ಇದ್ದವು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಲ ಮೈಸೂರಿಗೆ ಹೊರಟಾಗ ಒಂದು ಗಂಟೆ ಮುಂಚೆ ಏಳಿ, ಬಿಡದಿಯ ಹತ್ತಿರ ಹೆದ್ದಾರಿ ಬಿಟ್ಟು ಹಳೆಯ ರಸ್ತೆಗೆ ಇಳಿಯಿರಿ. ಏಳರಿಂದ ಒಂಬತ್ತರ ನಡುವೆ ಹೋದರೆ ತಟ್ಟೆ ಇಡ್ಲಿ ಆವಿ ಬಿಡುತ್ತಿರುತ್ತದೆ. ಊಟದ ತಟ್ಟೆಯಷ್ಟಲ್ಲದಿದ್ದರೂ ಅಂಗೈ ಮೀರಿದ ಅಗಲ, ಮೇಲೆ ಬೆಣ್ಣೆಯ ಉಂಡೆ, ಅದು ಕರಗಿ ಅಂಚಿಗೆ ಬರುವ ಮುನ್ನ ಮೊದಲ ತುತ್ತು ಮುರಿಯಬೇಕು. ಅಲ್ಲಿಂದ ಹಳೆಯ ರಸ್ತೆಯಲ್ಲಿಯೇ ಮುಂದುವರಿದು ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳಿ. 'ಈಗ ಕರಿದದ್ದು ಇದೆಯಾ?' ಎಂದು ಕೇಳಿ. ಇಲ್ಲವೆಂದರೆ ಹತ್ತು ನಿಮಿಷ ಕಾಯಿರಿ, ಬಾಣಲೆಗೆ ಹೊಸದಾಗಿ ಬಿಡುತ್ತಾರೆ.